ಏಣಿಯೋ, ಜರಡಿಯೋ?

(ನಮ್ಮ ಊರಿನ ಗಿರಣಿ ಕಾರ್ಮಿಕರ ಸಂಘದ ಸಭಾಂಗಣದಲ್ಲಿ, ಹೈಸ್ಕೂಲು ಮಕ್ಕಳ ತಂದೆತಾಯಂದಿರ ಸಭೆಯಲ್ಲಿ ನಿವೃತ್ತ ಗಣಿತೋಪಾಧ್ಯಾಯರೊಬ್ಬರು ಮಾಡಿದ ಭಾಷಣ. ವಾಚಕರ ಅಪೇಕ್ಷೆಯ ಮೇರೆಗೆ ಪೂರ್ಣವಾಗಿ ಅಚ್ಚು ಹಾಕಿದ್ದೇವೆ. —ಸಂ.)



ಈ ಸಭಾಂಗಣದಲ್ಲಿ ನೀವು ಬೋನಸ್ಸಿನ ಮಾತು ಕೇಳಿದ್ದೀರಿ, ತುಟ್ಟಿಭತ್ಯದ ಮಾತು ಕೇಳಿದ್ದೀರಿ. ಇಂದು ನಿಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆದು, ಹೈಸ್ಕೂಲು ಮಕ್ಕಳ ವಿದ್ಯಾಸ್ಪರ್ಧೆಗಳ ಬಗ್ಗೆ ನಾಲ್ಕು ಮಾತು ಆಡಿರಿ ಎಂದಿದ್ದಾರೆ. ಗಿರಣಿಯ ಸಂಘಕ್ಕೂ ಮಕ್ಕಳ ಗಣಿತದ ಸ್ಪರ್ಧೆಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸಂಬಂಧ ಇದೆ. ಅದನ್ನು ತೋರಿಸುವುದೇ ನನ್ನ ಇಂದಿನ ಕೆಲಸ.

ಹೋದ ತಿಂಗಳು ನಮ್ಮ ಬೀದಿಯ ಕಿರಾಣಿ ಅಂಗಡಿಯ ಯಜಮಾನರು ನನ್ನನ್ನು ಕೂಗಿ ಕರೆದು, ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದ ಒಂದು ಪದಕ ತೋರಿಸಿದರು. "ಮೇಷ್ಟ್ರೆ, ನಮ್ಮ ಹುಡುಗ ಒಲಿಂಪಿಯಾಡಿನಲ್ಲಿ ಚಿನ್ನದ ಪದಕ ತಂದಿದ್ದಾನೆ ನೋಡಿ" ಎಂದರು. ಎಷ್ಟು ಮಕ್ಕಳು ಪರೀಕ್ಷೆಗೆ ಕೂತಿದ್ದರು ಎಂದು ಕೇಳಿದೆ. ಅವನ ಕ್ಲಾಸಿನಲ್ಲಿ ಹನ್ನೆರಡು ಜನ ಎಂದರು. ಶುಲ್ಕ ಕಟ್ಟಿದ್ದರು, ಅದಕ್ಕೆಂದೇ ಅಚ್ಚಾದ ಪುಸ್ತಕವನ್ನೂ ಕೊಂಡಿದ್ದರು. ಹನ್ನೆರಡು ಮಂದಿಯಲ್ಲಿ ಮೊದಲು ಬಂದವನಿಗೆ ಚಿನ್ನದ ಬಣ್ಣದ ಪದಕ. ಆ ತಂದೆಯ ಮುಖದ ಸಂತೋಷ ಕಂಡು ನಾನು ಏನೂ ಹೇಳಲಾರದೆ ಬಂದೆ. ಅಂದು ಹೇಳದ ಮಾತನ್ನು ಇಂದು ಹೇಳುತ್ತೇನೆ.

ಒಲಿಂಪಿಯಾಡ್ ಎಂಬ ಹೆಸರಿಗೆ ಒಡೆಯರಿಲ್ಲ. ಯಾರು ಬೇಕಾದರೂ ಆ ಹೆಸರಿನ ಪರೀಕ್ಷೆ ಏರ್ಪಡಿಸಬಹುದು, ಶುಲ್ಕ ಎತ್ತಬಹುದು, ಪದಕ ಹಂಚಬಹುದು. ಹುಡುಗ ಓದಿದ, ಬರೆದ, ಅದು ಒಳ್ಳೆಯದೇ. ಆದರೆ ವ್ಯಾಪಾರದಲ್ಲಿ ಕೈ ಪಳಗಿದ ನೀವು ಇದನ್ನೂ ತೂಗಿ ನೋಡಬೇಡವೆ? ಸರಕಿನ ಹೆಸರು ನೋಡಿ ಯಾರೂ ದುಡ್ಡು ಕೊಡುವುದಿಲ್ಲ, ಸರಕು ನೋಡಿ ಕೊಡುತ್ತಾರೆ. ಹಾಗಾದರೆ ಅಸಲು ಸರಕು ಯಾವುದು?

ಅದನ್ನು ತಿಳಿಯಲು ನಾವು ಹಂಗೆರಿ ದೇಶಕ್ಕೆ ಹೋಗಬೇಕು. 1894ರಲ್ಲಿ ಅಲ್ಲಿನ ಗಣಿತ ಮತ್ತು ಭೌತಶಾಸ್ತ್ರ ಸಂಘದವರು, ಹೈಸ್ಕೂಲು ಮುಗಿಸಿದ ಮಕ್ಕಳಿಗಾಗಿ ಒಂದು ಸ್ಪರ್ಧೆ ಆರಂಭಿಸಿದರು. ಅವರ ಅಧ್ಯಕ್ಷ, ಭೌತವಿಜ್ಞಾನಿ ಲೊರಾಂಡ್ ಏಟ್ವೋಶ್ ಆ ವರ್ಷ ಶಿಕ್ಷಣ ಮಂತ್ರಿಯಾಗಿದ್ದರು. ಅದರ ನೆನಪಿಗೆ ಆ ಸ್ಪರ್ಧೆ. ಪ್ರಶ್ನೆಗಳು ಮೂರೇ ಮೂರು. ಕೈಯಲ್ಲಿ ಗಂಟೆಗಟ್ಟಲೆ ಕಾಲ. ಪುಸ್ತಕ, ಟಿಪ್ಪಣಿ ಬಿಚ್ಚಿ ನೋಡಲು ಅಡ್ಡಿಯಿಲ್ಲ. ಏಕೆಂದರೆ ಉತ್ತರ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಹುಡುಗನ ತಲೆಯಿಂದಲೇ ಹೊರಡಬೇಕು.

ಆದರೆ ಸ್ಪರ್ಧೆ ಒಂದೇ ಆಗಿದ್ದರೆ ನಾನು ನಿಮಗೆ ಈ ಕಥೆ ಹೇಳುತ್ತಿರಲಿಲ್ಲ. ಅದೇ 1894ರಲ್ಲಿ, ರಾಜಧಾನಿ ಬುಡಾಪೆಸ್ಟಿನಿಂದ ನೂರು ಕಿಲೋಮೀಟರಿಗೂ ದೂರದ ಗ್ಯೋರ್ ಎಂಬ ಊರಿನಲ್ಲಿ, ದಾನಿಯೆಲ್ ಅರಾನಿ ಎಂಬ ಹೈಸ್ಕೂಲು ಮೇಷ್ಟ್ರು ಒಂದು ಸಣ್ಣ ಮಾಸಪತ್ರಿಕೆ ಹೊರಡಿಸಿದರು. ಅದರ ತುಂಬ ಗಣಿತದ ಪ್ರಶ್ನೆಗಳು. ಮಕ್ಕಳು ಮನೆಯಲ್ಲಿ ಕೂತು ಬಿಡಿಸಬೇಕು, ಉತ್ತರವನ್ನು ಅಂಚೆಯಲ್ಲಿ ಕಳಿಸಬೇಕು. ಒಳ್ಳೆಯ ಉತ್ತರವನ್ನು ಪತ್ರಿಕೆ ಅಚ್ಚು ಹಾಕುತ್ತಿತ್ತು, ಬಿಡಿಸಿದವರ ಹೆಸರನ್ನೂ ಹಾಕುತ್ತಿತ್ತು. ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತು ಮತ್ತೆ ಎದ್ದ ಆ ಪತ್ರಿಕೆ ಇಂದಿಗೂ ಹೊರಡುತ್ತಿದೆ. ಯೋಚಿಸಿ ನೋಡಿ. ಸ್ಪರ್ಧೆ ವರ್ಷಕ್ಕೆ ಒಂದು ದಿನ. ಪತ್ರಿಕೆ ತಿಂಗಳು ತಿಂಗಳು. ಆ ಒಂದು ದಿನದ ಹಿಂದೆ ವರ್ಷವಿಡೀ ನಡೆದ ದುಡಿಮೆ ಇತ್ತು. ನೂಲುವವರು ನೂತರೆ ತಾನೆ ನೇಯುವವರಿಗೆ ಕೆಲಸ?

ಈಗ ಆ ಮೊದಲ ಸ್ಪರ್ಧೆಯ ಮೊದಲ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇನೆ. ಹೆದರಬೇಡಿ. ಅದನ್ನು ನಮ್ಮ ಅಂಗಡಿಯ ಭಾಷೆಗೆ ತಿರುಗಿಸಿ ಹೇಳುತ್ತೇನೆ.

ಒಂದು ತರಗತಿಯಲ್ಲಿ 17 ಮಕ್ಕಳಿದ್ದಾರೆ. ಏನೇ ಕೊಂಡರೂ ಖರ್ಚನ್ನು ಸಮನಾಗಿ ಹಂಚಿಕೊಳ್ಳುತ್ತಾರೆ, ರೂಪಾಯಿ ಒಡೆಯಬಾರದು. ಒಂದು ದಿನ ಅವರು 2 ರೂಪಾಯಿಯ ಪೆನ್ಸಿಲು ಒಂದಿಷ್ಟು, 3 ರೂಪಾಯಿಯ ರಬ್ಬರು ಒಂದಿಷ್ಟು ಕೊಂಡರು. ಬಿಲ್ಲು 17 ಪಾಲಿಗೆ ಸರಿಯಾಗಿ ಹಂಚಿಹೋಯಿತು. ಮರುದಿನ ಪೆನ್ಸಿಲು ಎಷ್ಟು ಕೊಂಡಿದ್ದರೋ ಅಷ್ಟೇ ಪೆನ್ನು ಕೊಂಡರು, ಒಂದಕ್ಕೆ 9 ರೂಪಾಯಿ. ರಬ್ಬರು ಎಷ್ಟಿತ್ತೋ ಅಷ್ಟೇ ಅಳತೆಪಟ್ಟಿ ಕೊಂಡರು, ಒಂದಕ್ಕೆ 5 ರೂಪಾಯಿ. ಈ ಬಿಲ್ಲೂ 17 ಪಾಲಿಗೆ ಸರಿಯಾಗಿ ಹಂಚಿಹೋಗುತ್ತದೆ. ಎಷ್ಟೆಷ್ಟು ಕೊಂಡರೆಂದು ನಾನು ಹೇಳಿಲ್ಲ. ಎಷ್ಟೇ ಕೊಂಡಿರಲಿ, ಮೊದಲ ಬಿಲ್ಲು ಹಂಚಿಹೋದರೆ ಎರಡನೆಯದೂ ಹಂಚಿಹೋಗಲೇಬೇಕು, ಎರಡನೆಯದು ಹೋದರೆ ಮೊದಲನೆಯದೂ ಹೋಗಲೇಬೇಕು. ಏಕೆ?

ಮೊದಲು ಪರೀಕ್ಷಿಸಿ ನೋಡೋಣ. 7 ಪೆನ್ಸಿಲು, 1 ರಬ್ಬರು: 14 ಮತ್ತು 3, ಒಟ್ಟು 17. ತಲೆಗೆ ಒಂದು ರೂಪಾಯಿ. 7 ಪೆನ್ನು, 1 ಅಳತೆಪಟ್ಟಿ: 63 ಮತ್ತು 5, ಒಟ್ಟು 68. ತಲೆಗೆ ನಾಲ್ಕು ರೂಪಾಯಿ. ಸರಿಹೋಯಿತು. 4 ಪೆನ್ಸಿಲು, 3 ರಬ್ಬರು: 8 ಮತ್ತು 9, ಮತ್ತೆ 17. 4 ಪೆನ್ನು, 3 ಅಳತೆಪಟ್ಟಿ: 36 ಮತ್ತು 15, ಒಟ್ಟು 51. ತಲೆಗೆ ಮೂರು. ಇದೂ ಸರಿ. ಆದರೆ ಎರಡು ಸಲ ಸರಿಹೋದದ್ದು ಯಾವಾಗಲೂ ಸರಿಹೋಗುತ್ತದೆಂದು ಹೇಗೆ ನಂಬುವುದು? ನಾಲ್ಕು ದಿನ ಸಾಲ ತೀರಿಸಿದವನು ಐದನೆಯ ದಿನವೂ ತೀರಿಸುತ್ತಾನೆಂಬ ಭರವಸೆಯೇನು? ಕಾರಣ ಬೇಕು.

ಕಾರಣ ಇಷ್ಟೇ. ಪೆನ್ಸಿಲು ರಬ್ಬರಿನ ಬಿಲ್ಲನ್ನು ನಾಲ್ಕು ಸಲ ಬರೆಯಿರಿ, ಅದರ ಕೆಳಗೆ ಪೆನ್ನು ಅಳತೆಪಟ್ಟಿಯ ಬಿಲ್ಲನ್ನು ಒಂದು ಸಲ ಬರೆಯಿರಿ. ನಾಲ್ಕು ಪೆನ್ಸಿಲಿಗೆ 8, ಒಂದು ಪೆನ್ನಿಗೆ 9, ಕೂಡಿದರೆ 17. ನಾಲ್ಕು ರಬ್ಬರಿಗೆ 12, ಒಂದು ಅಳತೆಪಟ್ಟಿಗೆ 5, ಕೂಡಿದರೆ 17. ಎಷ್ಟೇ ಕೊಳ್ಳಲಿ, ಈ ಐದು ಬಿಲ್ಲಿನ ಒಟ್ಟು ಮೊತ್ತ ಯಾವಾಗಲೂ ಹದಿನೇಳುಗಳ ಕಟ್ಟು. ಅದರಲ್ಲಿ ಪೆನ್ಸಿಲಿನ ನಾಲ್ಕು ಬಿಲ್ಲು 17ಕ್ಕೆ ಹಂಚಿಹೋದರೆ ಉಳಿದ ಪೆನ್ನಿನ ಬಿಲ್ಲು ಹಂಚಿಹೋಗದೆ ಎಲ್ಲಿ ಹೋದೀತು? ತಿರುಗಿಸಿ ನೋಡಿದರೂ ಅಷ್ಟೇ. ಪೆನ್ನಿನ ಬಿಲ್ಲು ಹಂಚಿಹೋದರೆ ಪೆನ್ಸಿಲಿನ ನಾಲ್ಕು ಬಿಲ್ಲುಗಳ ಮೊತ್ತ ಹಂಚಿಹೋಗುತ್ತದೆ. 4ಕ್ಕೂ 17ಕ್ಕೂ ಯಾವ ಹಂಚಿಕೆಯ ನಂಟೂ ಇಲ್ಲದ್ದರಿಂದ ಒಂದು ಬಿಲ್ಲೂ ಹಂಚಿಹೋಗಲೇಬೇಕು.

ನೋಡಿದಿರಾ? ಕೂಡುವುದು, ಗುಣಿಸುವುದು, ಭಾಗಿಸುವುದು ಬಿಟ್ಟು ಬೇರೇನೂ ಇಲ್ಲ. ಈ ಸಭೆಯಲ್ಲಿ ತಲೆಯಾಡಿಸಿದವರಲ್ಲಿ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರೂ ಇದ್ದಾರೆ, ಅವರನ್ನು ನಾನು ಬಲ್ಲೆ. ಅಸಲು ಸರಕು ಇದು. ಇದಕ್ಕೆ ಸಾವಿರಾರು ರೂಪಾಯಿಯ ಕೋಚಿಂಗು ಬೇಡ. ಬೇಕಾದದ್ದು ಮೂರು: ಒಂದೇ ಪ್ರಶ್ನೆಯ ಜೊತೆ ಒಂದು ಗಂಟೆ ಕೂರುವ ಬಿಡುವು, ತಪ್ಪಿದರೆ ಗದರಿಸದೆ ಕೇಳುವ ಒಬ್ಬ ಹಿರಿಯರು, ಗೀಚಲು ಒಂದಿಷ್ಟು ಕಾಗದ. ದುಡಿಯುವವರ ಮನೆಯಲ್ಲಿ ಬುದ್ಧಿಗೆ ಕೊರತೆಯಿಲ್ಲ. ಕೊರತೆ ಇರುವುದು ಬಿಡುವಿಗೆ. ಹುಡುಗಿ ನಲ್ಲಿಯ ಸರದಿಯಲ್ಲಿ ನಿಲ್ಲಬೇಕು, ಹುಡುಗ ಸಂಜೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕು. ಉಳ್ಳವರು ತಮ್ಮ ಮಕ್ಕಳಿಗೆ ಮೊದಲು ಕೊಂಡುಕೊಡುವುದು ಬಿಡುವನ್ನು, ಪುಸ್ತಕ ಆಮೇಲಿನ ಮಾತು.

ಹಂಗೆರಿಯ ಆ ಸ್ಪರ್ಧೆ ಮತ್ತು ಪತ್ರಿಕೆಯಿಂದ ಏನಾಯಿತು? ವಿಮಾನ ಶಾಸ್ತ್ರದಲ್ಲಿ ಹೆಸರಾದ ಥಿಯೋಡರ್ ಫಾನ್ ಕಾರ್ಮನ್ 1898ರಲ್ಲಿ ಆ ಸ್ಪರ್ಧೆ ಗೆದ್ದವರು. ಪಾಲ್ ಏರ್ಡೋಶ್ ಎಂಬ ಮಹಾ ಗಣಿತಜ್ಞ ಹುಡುಗನಾಗಿದ್ದಾಗ ಆ ಪತ್ರಿಕೆಗೆ ಉತ್ತರ ಬರೆದು ಕಳಿಸುತ್ತಿದ್ದವರು. ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. 1920ರಲ್ಲಿ ಹಂಗೆರಿಯ ಸರಕಾರ ವಿಶ್ವವಿದ್ಯಾಲಯಗಳಲ್ಲಿ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನು ತಂದಿತು. ಏರ್ಡೋಶ್ ಯೆಹೂದಿ. ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ ಗೆದ್ದಿದ್ದರಿಂದ 1930ರಲ್ಲಿ ಅವರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಗೆಲ್ಲದ ಮಕ್ಕಳ ಗತಿ? ಅವರಲ್ಲಿ ಅನೇಕರಿಗೆ ಆ ಬಾಗಿಲು ಮುಚ್ಚಿತ್ತು. ಗೆದ್ದ ಒಬ್ಬರಿಗೆ ಏಣಿಯಾದದ್ದು ಉಳಿದವರಿಗೆ ಜರಡಿಯಾಯಿತು. ಆದುದರಿಂದ ಸ್ಪರ್ಧೆ ಇದೆ ಎಂಬ ಮಾತ್ರಕ್ಕೆ ನ್ಯಾಯ ಇದೆ ಎಂದು ಯಾರೂ ನಂಬಬಾರದು.

ಇನ್ನೊಬ್ಬರ ಮಾತು ಹೇಳಿ ಮುಂದೆ ಹೋಗುತ್ತೇನೆ. ಜಾರ್ಜ್ ಪೋಲ್ಯಾ ಎಂಬವರು ಹುಡುಗನಾಗಿದ್ದಾಗ ಅದೇ ಸ್ಪರ್ಧೆಗೆ ಹೋಗಿ, ಉತ್ತರ ಪತ್ರಿಕೆಯನ್ನೇ ಕೊಡದೆ ಎದ್ದು ಬಂದವರು. ಮುಂದೆ ಅವರೇ, ಗಣಿತದ ಪ್ರಶ್ನೆ ಬಿಡಿಸುವುದು ಹೇಗೆಂದು ಲೋಕಕ್ಕೆಲ್ಲ ಹೇಳಿಕೊಟ್ಟ ಪುಸ್ತಕ ಬರೆದರು. ಸ್ಪರ್ಧೆಯಲ್ಲಿ ಸೋತು ಮನೆಗೆ ಬಂದ ಮಗುವಿಗೆ ಬೈಯುವ ಮುಂಚೆ ಈ ಸಂಗತಿಯನ್ನು ನೆನೆಯಿರಿ.

ಹಂಗೆರಿಯ ಮಾದರಿ ಸುತ್ತಣ ದೇಶಗಳಿಗೂ ಹಬ್ಬಿತು. ಸೋವಿಯೆತ್ ದೇಶದಲ್ಲಿ 1934ರಲ್ಲಿ ಲೆನಿನ್‌ಗ್ರಾಡಿನಲ್ಲೂ 1935ರಲ್ಲಿ ಮಾಸ್ಕೋದಲ್ಲೂ ಮಕ್ಕಳ ಗಣಿತ ಒಲಿಂಪಿಯಾಡುಗಳು ನಡೆದವು. ಅವುಗಳ ಬೆನ್ನಿಗೆ ಗಣಿತ ಕೂಟಗಳಿದ್ದವು. ಸಂಜೆಯ ಹೊತ್ತು ವಿಶ್ವವಿದ್ಯಾಲಯದವರು ಶಾಲೆಯ ಮಕ್ಕಳೊಡನೆ ಕೂತು ಪ್ರಶ್ನೆ ಬಿಡಿಸುತ್ತಿದ್ದರು. 1959ರಲ್ಲಿ ರುಮೇನಿಯ ದೇಶದಲ್ಲಿ ಏಳು ದೇಶಗಳ 52 ಮಕ್ಕಳು ಸೇರಿದರು. ಅದೇ ಮೊದಲನೆಯ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್. ಇಂದು ಅದಕ್ಕೆ ನೂರಕ್ಕೂ ಮಿಕ್ಕಿದ ದೇಶಗಳಿಂದ ಮಕ್ಕಳು ಬರುತ್ತಾರೆ.

ಅದರ ನಿಯಮಗಳನ್ನು ಕೇಳಿ. ಒಂದು ದೇಶಕ್ಕೆ ಹೆಚ್ಚೆಂದರೆ ಆರು ಮಕ್ಕಳು. ಎರಡು ದಿನ, ದಿನಕ್ಕೆ ಮೂರು ಪ್ರಶ್ನೆ, ನಾಲ್ಕೂವರೆ ಗಂಟೆ. ಒಂದು ಪ್ರಶ್ನೆಗೆ 7 ಅಂಕ, ಒಟ್ಟು 42. ಬಂದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಪದಕ ಸಿಗುತ್ತದೆ. ಪದಕ ಬಾರದವರು ಒಂದೇ ಪ್ರಶ್ನೆಯನ್ನು ಪೂರ್ಣವಾಗಿ ಬಿಡಿಸಿದ್ದರೂ ಅವರಿಗೆ ಗೌರವದ ಪ್ರಶಸ್ತಿ ಪತ್ರವಿದೆ. ಎಲ್ಲಕ್ಕಿಂತ ದೊಡ್ಡದು, ಮಗು ತನ್ನ ಭಾಷೆಯಲ್ಲೇ ಪ್ರಶ್ನೆ ಓದಿ ಉತ್ತರ ಬರೆಯಬಹುದು. ಬಂದ ದೇಶಗಳ ಮುಖಂಡರು ಕೂತು ಪ್ರಶ್ನೆಗಳನ್ನು ಹತ್ತಾರು ಭಾಷೆಗಳಿಗೆ ತಿರುಗಿಸುತ್ತಾರೆ. ಲೋಕದ ಅತ್ಯಂತ ಕಠಿಣ ಗಣಿತ ಸ್ಪರ್ಧೆ ತಾಯ್ನುಡಿಗೆ ಅಂಜುವುದಿಲ್ಲ. ಕನ್ನಡದಲ್ಲಿ ಗಣಿತ ಕಲಿತರೆ ಮಗು ಹಿಂದೆ ಬೀಳುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಭಾರತ ಈ ಕೂಟಕ್ಕೆ ಸೇರಿದ್ದು 1989ರಲ್ಲಿ. 1996ರಲ್ಲಿ ಮುಂಬಯಿಯಲ್ಲೇ ಅದು ನಡೆಯಿತು. 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಮ್ಮ ಆರು ಮಂದಿ ನಾಲ್ಕು ಚಿನ್ನದ ಪದಕ ಗೆದ್ದು ದೇಶವನ್ನು ನಾಲ್ಕನೆಯ ಸ್ಥಾನಕ್ಕೆ ತಂದರು. ಇದನ್ನು ನಡೆಸುವುದು ಸಾರ್ವಜನಿಕ ಹಣದಿಂದ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಅದರ ನೆಲೆ. ಒಂದು ಪ್ರವೇಶ ಪರೀಕ್ಷೆ, ಆಮೇಲೆ ಪ್ರಾದೇಶಿಕ ಸುತ್ತು, ಆಮೇಲೆ ರಾಷ್ಟ್ರಮಟ್ಟ, ಆಮೇಲೆ ಶಿಬಿರ. ಕೊನೆಗೆ ಉಳಿಯುವವರು ಆರು. ಅಂಗಡಿಯ ಪದಕಕ್ಕೂ ಇದಕ್ಕೂ ಇರುವ ಅಂತರ ಈಗ ತಿಳಿಯಿತಲ್ಲವೆ? ನನ್ನ ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ, ನಮ್ಮ ಗಿರಣಿ ಕೇರಿಯ ಒಂದು ಮಗುವೂ ಆ ಪ್ರವೇಶ ಪರೀಕ್ಷೆಯ ಹೊಸ್ತಿಲು ತುಳಿದದ್ದನ್ನು ನಾನು ಕಾಣಲಿಲ್ಲ. ಸೋತರೆಂದಲ್ಲ. ಅಂಥದೊಂದು ಇದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

"ಮೇಷ್ಟ್ರೆ, ಆರು ಜನರ ಮಾತು ಬಿಡಿ. ನಮ್ಮ ಮಕ್ಕಳ ಕೈಗೆ ಎಟುಕುವುದು ಏನಾದರೂ ಇದೆಯೆ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಒಂದು ಕಾಲದಲ್ಲಿ ಹೆಚ್ಚು ಇತ್ತು. 1963ರಲ್ಲಿ ದೆಹಲಿಯಲ್ಲಿ ಹತ್ತು ವಿದ್ಯಾರ್ಥಿವೇತನಗಳಿಂದ ಆರಂಭವಾದ ವಿಜ್ಞಾನ ಪ್ರತಿಭಾ ಶೋಧ ಪರೀಕ್ಷೆ, ಮರುವರ್ಷ ದೇಶಕ್ಕೆಲ್ಲ ಹರಡಿ 350 ಆಯಿತು. ಅದೇ ಬೆಳೆದು ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ ಎನಿಸಿತು. 2021ರ ನಂತರ ಅದು ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆಯೂ 2022ರಲ್ಲಿ ಕೊನೆಗೊಂಡಿತು. ಸಾರ್ವಜನಿಕ ಬಾಗಿಲು ಒಂದೊಂದಾಗಿ ಮುಚ್ಚುವಾಗ ಖಾಸಗಿ ಅಂಗಡಿ ಬಾಗಿಲು ತೆರೆಯುತ್ತದೆ. ಇದನ್ನು ಗಮನಿಸದೆ ಇರಬೇಡಿ.

ಉಳಿದಿರುವ ಬಾಗಿಲುಗಳಲ್ಲಿ ನಮಗೆ ಬಹಳ ಮುಖ್ಯವಾದದ್ದು ಎನ್.ಎಂ.ಎಂ.ಎಸ್. ಪರೀಕ್ಷೆ. 2008ರಲ್ಲಿ ಬಂದ ಯೋಜನೆ ಅದು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಮಾತ್ರ. ಏಳನೆಯ ತರಗತಿಯಲ್ಲಿ ನೂರಕ್ಕೆ 55 ಅಂಕ ಬಂದಿರಬೇಕು. ಪರಿಶಿಷ್ಟರಿಗೆ ಐದು ಅಂಕದ ರಿಯಾಯಿತಿ ಇದೆ. ಮನೆಯ ವಾರ್ಷಿಕ ವರಮಾನ 3,50,000 ರೂಪಾಯಿ ಮೀರಬಾರದು. ಪತ್ರಿಕೆ ಎರಡು, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ. ತನಕ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಇದು ಸಿಗಬೇಕು. ಎಂಟನೆಯ ತರಗತಿಗೇ ಏಕೆ? ನಮ್ಮಂಥವರ ಮನೆಯ ಮಕ್ಕಳು ಶಾಲೆ ಬಿಡುವ ತಿರುವು ಅಲ್ಲಿಂದಲೇ ಆರಂಭ. ಅಲ್ಲಿ ಅವರನ್ನು ಹಿಡಿದು ನಿಲ್ಲಿಸುವುದು ಈ ಹಣದ ಉದ್ದೇಶ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಈ ವೇತನ ವರ್ಷಕ್ಕೆ 6,000 ಇತ್ತು. ನನ್ನ ತರಗತಿಯಲ್ಲಿ ನೂಲಿನ ಖಾತೆಯ ಕಾರ್ಮಿಕರೊಬ್ಬರ ಮಗಳಿದ್ದಳು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವುದರೊಳಗೆ ಅವಳ ಬಾಯಲ್ಲಿ ಉತ್ತರ ಇರುತ್ತಿತ್ತು. ಅರ್ಜಿಗೆ ಆದಾಯದ ಪ್ರಮಾಣಪತ್ರ ಬೇಕಾಯಿತು. ಅವಳ ತಂದೆ ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋದರು, ನಾಳೆ ಬಾ ಎಂದರು. ಇನ್ನೊಂದು ದಿನದ ಕೂಲಿ ಬಿಟ್ಟರು, ಸಾಹೇಬರು ಇಲ್ಲ ಎಂದರು. ಮೂರನೆಯ ದಿನ ಬಿಡಲು ಅವರಿಂದ ಆಗಲಿಲ್ಲ. ತಾರೀಖು ದಾಟಿಹೋಯಿತು. ನಾನು ಅವರ ಜೊತೆ ಹೋಗಬಹುದಾಗಿತ್ತು. ತಿಂಗಳ ಮುಂಚೆಯೇ ಹೇಳಬಹುದಾಗಿತ್ತು. ಎರಡನ್ನೂ ಮಾಡಲಿಲ್ಲ. ಅವಳು ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಗಾರ್ಮೆಂಟ್ ಕಾರ್ಖಾನೆಗೆ ಸೇರಿದಳು. ಈಚೆಗೆ ಬಸ್ಸಿನಲ್ಲಿ ಸಿಕ್ಕಿದ್ದಳು. ಪೀಸಿನ ಲೆಕ್ಕದಲ್ಲಿ ಮೇಲಿನವರು ತಪ್ಪು ಮಾಡಿದರೆ ಗೆಳತಿಯರೆಲ್ಲ ತನ್ನ ಬಳಿಗೇ ಬರುತ್ತಾರೆಂದು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ತೆಹರಾನಿನ ಒಬ್ಬ ಹುಡುಗಿ, ಮರಿಯಂ ಮಿರ್ಜಾಖಾನಿ, 1994ರಲ್ಲೂ 1995ರಲ್ಲೂ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದಳು. ಎರಡನೆಯ ಸಲ 42ಕ್ಕೆ 42. ಗಣಿತದ ಅತ್ಯುಚ್ಚ ಗೌರವವೆನಿಸಿದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದು, ಅದನ್ನು ಪಡೆದ ಮೊದಲ ಮಹಿಳೆಯಾದರು. ನನ್ನ ಶಿಷ್ಯೆ ಅಷ್ಟು ಎತ್ತರಕ್ಕೆ ಹೋಗುತ್ತಿದ್ದಳೆಂದು ನಾನು ಹೇಳಲಾರೆ. ಹೋಗುತ್ತಿದ್ದಳೋ ಇಲ್ಲವೋ ಎಂಬುದನ್ನು ತಿಳಿಯುವ ಅವಕಾಶವೇ ಅವಳಿಗೆ ಸಿಗಲಿಲ್ಲ. ನನ್ನ ಸಂಕಟ ಅದು.

ನಮ್ಮಲ್ಲೇ ಕೆಲವರು ಕೇಳುತ್ತಾರೆ: ಸ್ಪರ್ಧೆ ಎಂದರೆ ಒಬ್ಬರನ್ನು ಕೆಡವಿ ಇನ್ನೊಬ್ಬರು ಏರುವುದು, ಸಮಾನತೆ ಬಯಸುವ ನಾವು ಅದನ್ನು ಏಕೆ ಹೊಗಳಬೇಕು? ಹೊಗಳಬೇಡಿ. ಆದರೆ ಗರಡಿಮನೆಯನ್ನು ನೆನೆಯಿರಿ. ಅಲ್ಲಿ ಮಣ್ಣು ಎಲ್ಲರದು, ವಸ್ತಾದಿ ಎಲ್ಲರ ಮೈಯನ್ನೂ ಪಳಗಿಸುತ್ತಾನೆ. ಕುಸ್ತಿ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ. ಗರಡಿ ಇಲ್ಲದೆ ಕುಸ್ತಿ ಮಾತ್ರ ಇದ್ದರೆ ಮನೆಯಲ್ಲಿ ತುಪ್ಪ ಹಾಲು ಉಂಡವನೇ ಗೆಲ್ಲುತ್ತಾನೆ. ವಿದ್ಯಾಸ್ಪರ್ಧೆಯೂ ಹಾಗೆಯೇ. ಹಿಂದೆ ಎಲ್ಲರಿಗೂ ತೆರೆದ ಗರಡಿ ಇದ್ದರೆ ಅದು ಏಣಿ, ಇಲ್ಲದಿದ್ದರೆ ಜರಡಿ. ಗ್ಯೋರಿನ ಮೇಷ್ಟ್ರು ಕಟ್ಟಿದ್ದು ಗರಡಿಯನ್ನು.

ಆದುದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಈ ಸಭಾಂಗಣ ಭಾನುವಾರ ಬೆಳಗ್ಗೆ ಖಾಲಿ ಇರುತ್ತದೆ. ಹತ್ತರಿಂದ ಹನ್ನೆರಡರ ತನಕ ಮಕ್ಕಳನ್ನು ಇಲ್ಲಿಗೆ ಕಳಿಸಿ. ನಾನು ಬರುತ್ತೇನೆ. ಶುಲ್ಕವಿಲ್ಲ. ಕನ್ನಡದಲ್ಲೇ ಕೂತು ಲೆಕ್ಕ ಬಿಡಿಸೋಣ. ಅಂಗಡಿಯವರು ಆ ಎರಡು ಗಂಟೆ ಹುಡುಗರನ್ನು ಬಿಡಬೇಕು. ಅವರು ಕೊಡಬಹುದಾದ ಅತಿ ದೊಡ್ಡ ಚಂದಾ ಅದು.

ಎರಡು, ಎಂಟನೆಯ ತರಗತಿಯ ಮಕ್ಕಳಿರುವ ಎಲ್ಲ ಮನೆಗಳವರೂ ಜೂನ್ ತಿಂಗಳಲ್ಲೇ ಆದಾಯ ಮತ್ತು ಜಾತಿ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಲಿ. ಒಬ್ಬೊಬ್ಬರು ಒಂದೊಂದು ದಿನದ ಕೂಲಿ ಕಳೆದುಕೊಳ್ಳುವುದು ಬೇಡ. ಸಂಘದ ಒಬ್ಬರು ಎಲ್ಲರ ಕಾಗದಪತ್ರ ಕೂಡಿಸಿ ಬೆನ್ನು ಹತ್ತಲಿ. ಒಬ್ಬ ಕಾರ್ಮಿಕನಿಗೆ ನಾಳೆ ಬಾ ಎನ್ನುವುದು ಸುಲಭ, ಸಂಘಕ್ಕೆ ಹಾಗೆ ಹೇಳುವುದು ಅಷ್ಟು ಸುಲಭವಲ್ಲ. ಅರ್ಜಿಯ ತಾರೀಖುಗಳನ್ನು ಬೋನಸ್ಸಿನ ನೋಟೀಸಿನ ಪಕ್ಕದಲ್ಲೇ ಬೋರ್ಡಿಗೆ ಅಂಟಿಸಿರಿ.

ಮೂರು, ನಮ್ಮ ವಾರಪತ್ರಿಕೆಯವರು ವಾರಕ್ಕೊಂದು ಪ್ರಶ್ನೆಗೆ ನಾಲ್ಕು ಬೆರಳಿನ ಜಾಗ ಕೊಡಲಿ. ಉತ್ತರ ಕಳಿಸಿದ ಮಕ್ಕಳ ಹೆಸರು, ಅವರ ಶಾಲೆಯ ಹೆಸರು ಅಚ್ಚಾಗಲಿ. ಮಗನ ಹೆಸರು ಅಚ್ಚಾದ ಪತ್ರಿಕೆಯನ್ನು ಯಾವ ತಂದೆ ಪೊಟ್ಟಣ ಕಟ್ಟಲು ಹರಿದಾನು?

ಮೊದಲ ಪ್ರಶ್ನೆಯನ್ನು ನಾನೇ ಕೊಟ್ಟು ಮಾತು ಮುಗಿಸುತ್ತೇನೆ. ಇದು ಬಹು ಹಳೆಯ ಪ್ರಶ್ನೆ, ತಕ್ಕಡಿ ಹಿಡಿದವರದೇ ಪ್ರಶ್ನೆ. ಒಬ್ಬ ವ್ಯಾಪಾರಿಯ ಬಳಿ ನಾಲ್ಕೇ ನಾಲ್ಕು ತೂಕದ ಕಲ್ಲುಗಳಿವೆ. ಕಲ್ಲನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಯಾವುದಕ್ಕೆ ಬೇಕಾದರೂ ಹಾಕಬಹುದು, ಸರಕಿನ ಪಕ್ಕಕ್ಕೂ ಹಾಕಬಹುದು. ಒಂದು ಕಿಲೋದಿಂದ ನಲವತ್ತು ಕಿಲೋ ತನಕ, ನಡುವಿನ ಒಂದು ಕಿಲೋವನ್ನೂ ಬಿಡದೆ, ಎಲ್ಲವನ್ನೂ ಅವನು ತೂಗಬಲ್ಲ. ಆ ನಾಲ್ಕು ಕಲ್ಲುಗಳು ಯಾವುವು? ಅವೇ ಏಕೆ?

ಮಕ್ಕಳನ್ನು ಕೇಳಿರಿ. ಉತ್ತರ ಹೇಳಿಕೊಡಬೇಡಿ. ಜೊತೆಗೆ ಕೂತು ನೀವೂ ಯೋಚಿಸಿರಿ. ಭಾನುವಾರ ಹತ್ತು ಗಂಟೆಗೆ ನಾನು ಇಲ್ಲಿ ಬಾಗಿಲು ತೆರೆದು ಕಾದಿರುತ್ತೇನೆ.